ರಾಮನವಮಿಯ ಸಂಗೀತ ಮತ್ತು ಒಂದು ರಸೀದಿ ಪುಸ್ತಕ

ನಂಜನಗೂಡು–ತಿರುಮಕೂಡಲು ನರಸೀಪುರ ಸೀಮೆಯ ತಾಂಡ್ಯದ ಹೆಸರು ಹೇಳಿದರೆ ಈಗಿನವರಿಗೆ ನೆನಪಾಗುವುದು ಕೈಗಾರಿಕಾ ಪ್ರದೇಶ. ಪಾಳಿ ಮುಗಿಸಿ ಮೈಸೂರಿನ ಬಸ್ಸಿಗೆ ಕಾಯುವ ಕಾರ್ಮಿಕರು, ಲಾರಿಗಳು, ದೂಳು. ಸಂಗೀತಕ್ಕೂ ಈ ಊರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಆದರೆ ಈ ಸೀಮೆಯಲ್ಲಿ ಹರಿಯುವ ಕಪಿಲೆಯ ದಂಡೆಯನ್ನು ಹಿಡಿದು ನಡೆದರೆ ಇಬ್ಬರು ದೊಡ್ಡವರ ಮನೆ ಸಿಗುತ್ತದೆ. ಮೇಲುಗಡೆ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದವರು ಬೆಂಗಳೂರು ನಾಗರತ್ನಮ್ಮ. ಕೆಳಗೆ, ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದವರು ಪಿಟೀಲು ಚೌಡಯ್ಯ. ಇಬ್ಬರೂ ಸಂಗೀತದಿಂದ ಹಣ ಗಳಿಸಿದರು. ಇಬ್ಬರೂ ಆ ಹಣವನ್ನು, ಕಾಸು ಕೊಡದೆ ಸಂಗೀತ ಕೇಳುವ ಜನರಿಗಾಗಿ ಖರ್ಚು ಮಾಡಿದರು.

'ಉಚಿತ ಸಂಗೀತ ಕಚೇರಿ' ಎಂಬ ಮಾತನ್ನು ನಾವು ಬಹಳ ಸುಲಭವಾಗಿ ಆಡುತ್ತೇವೆ. ಚಪ್ಪರ ಹಾಕಿದವನಿಗೆ, ಜಮಖಾನ ಹಾಸಿದವನಿಗೆ, ದೀಪಕ್ಕೆ, ಊರಿಂದ ಬಂದ ವಿದ್ವಾಂಸರ ಊಟ ವಸತಿಗೆ, ಪಕ್ಕವಾದ್ಯದವರ ಸಂಭಾವನೆಗೆ ಯಾರೋ ಹಣ ಕೊಟ್ಟೇ ಇರುತ್ತಾರೆ. ಆ ಯಾರೋ ಯಾರು ಎಂಬುದರಲ್ಲಿಯೇ ಆ ಸಂಗೀತ ಯಾರದು ಎಂಬುದಕ್ಕೂ ಉತ್ತರವಿದೆ.

ಮೈಸೂರಿನಲ್ಲಿ ಬೇಸಿಗೆಯ ಸಂಗೀತವೆಂದರೆ ರಾಮನವಮಿಯ ಸಂಗೀತ. ಚೈತ್ರ ಮಾಸ, ಮಕ್ಕಳ ಪರೀಕ್ಷೆ ಮುಗಿಯುವ ಕಾಲ. ಹಗಲೆಲ್ಲ ಕಾದ ಬೀದಿಯಲ್ಲಿ ಸಂಜೆ ಗಾಳಿ ಸುಳಿಯುವ ಹೊತ್ತಿಗೆ ಶ್ರುತಿ ಕೂಡಿಸುವ ಸದ್ದು. ಬೆಲ್ಲ, ಏಲಕ್ಕಿ, ಶುಂಠಿಯ ಪಾನಕ, ನೀರುಮಜ್ಜಿಗೆ, ಹೆಸರುಬೇಳೆಯ ಕೋಸಂಬರಿ. ದೇಹಕ್ಕೂ ತಂಪು, ಕಿವಿಗೂ ತಂಪು. ಈ ಪರಂಪರೆಗೆ ಮೈಸೂರಿನಲ್ಲಿ ಗಟ್ಟಿಯಾದ ನೆಲೆ ಕಟ್ಟಿಕೊಟ್ಟವರಲ್ಲಿ ಮುಖ್ಯರಾದವರು ಬಿಡಾರಂ ಕೃಷ್ಣಪ್ಪ (1866–1931).

ಕೃಷ್ಣಪ್ಪನವರು ಕರಾವಳಿಯ ನಂದಳಿಕೆಯವರು. ಬಡತನದ ಬಾಲ್ಯ. ದೇವಸ್ಥಾನದಲ್ಲಿ ಹಾಡಿಕೊಳ್ಳುತ್ತಿದ್ದ ಹುಡುಗನ ಕಂಠವನ್ನು ಕೇಳಿದ ಸಾಹುಕಾರರೊಬ್ಬರು ಅವನನ್ನು ಪಾಠಕ್ಕೆ ಹಚ್ಚಿದರೆಂದು ಹೇಳುತ್ತಾರೆ. ಮುಂದೆ ಅವರು ಮೈಸೂರಿನ ಆಸ್ಥಾನ ವಿದ್ವಾಂಸರಾದರು. ಪಲ್ಲವಿ ಹಾಡುವುದರಲ್ಲಿ ಹೆಸರುವಾಸಿಯಾದರು. ತೆಲುಗು ಕೀರ್ತನೆಗಳೇ ತುಂಬಿದ್ದ ಕಚೇರಿಯಲ್ಲಿ ಕನ್ನಡದ ದೇವರನಾಮಗಳಿಗೆ ಗೌರವದ ಜಾಗ ಕೊಟ್ಟವರೆಂದು ಇಂದಿಗೂ ಅವರನ್ನು ನೆನೆಯುತ್ತಾರೆ. ಪಂಡಿತರು ಮಾತ್ರವಲ್ಲ, ಅಂಗಡಿಯವನೂ ಗಾಡಿಯವನೂ ಮಾತು ತಿಳಿದು ತಲೆದೂಗಲಿ ಎಂಬ ಮನಸ್ಸು ಇಲ್ಲದವರು ಈ ಕೆಲಸ ಮಾಡಲಾರರು.

ಅರಮನೆಯ ಮನ್ನಣೆ ಇದ್ದ ಈ ಮನುಷ್ಯ ತಮ್ಮ ಕಚೇರಿಗಳ ಸಂಪಾದನೆಯನ್ನು ಸುರಿದು ಮೈಸೂರಿನ ಹಳೆಯ ಪೇಟೆಯಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿದರು. ಅದು ದೇವರ ಮನೆಯೂ ಹೌದು, ಸಂಗೀತದ ಮನೆಯೂ ಹೌದು. ರಾಮನವಮಿ ಬಂದರೆ ಅಲ್ಲಿ ವಿದ್ವಾಂಸರು ಹಾಡುತ್ತಿದ್ದರು, ಊರವರು ಬಂದು ಕೂತು ಕೇಳುತ್ತಿದ್ದರು.

ಇದರ ಮಹತ್ವ ತಿಳಿಯಬೇಕಾದರೆ ಅದೇ ಕಾಲದ ಅರಮನೆಯ ಸಂಗೀತವನ್ನು ಪಕ್ಕದಲ್ಲಿಟ್ಟು ನೋಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರು ಸಂಗೀತಕ್ಕೆ ಮತದ ಗೋಡೆ ಕಟ್ಟಿದವರಲ್ಲ. ಕಿರಾನಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೈಸೂರಿಗೆ ಬಂದು ಹಾಡಿದರು. ಆಗ್ರಾ ಘರಾನೆಯ ಫಯ್ಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸಿಕಿ' ಎಂಬ ಬಿರುದು ಸಿಕ್ಕಿದ್ದು ಇದೇ ಮೈಸೂರಿನಿಂದ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡಿ ದೇಶಕ್ಕೆಲ್ಲ ಪರಿಚಿತರಾದ ಗೌಹರ್ ಜಾನ್ 1928ರಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ಮೈಸೂರು ಆಸ್ಥಾನಕ್ಕೆ ಬಂದರು. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ಕಣ್ಣುಮುಚ್ಚಿದರು. ಇವೆಲ್ಲ ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ಸಂಗತಿಗಳು. ಆದರೆ ದರ್ಬಾರಿನಲ್ಲಿ ಹಾಡಿದ ಗೌಹರ್ ಜಾನರ ದನಿ ಮಂಡಿ ಮೊಹಲ್ಲಾದ ಬೀಡಿ ಕಟ್ಟುವವನ ಕಿವಿಗೆ ಬಿದ್ದಿತೇ? ರಾಜನ ಔದಾರ್ಯ ಕಲಾವಿದೆಯನ್ನು ಸಾಕಿತು. ಕೇಳುವವನಿಗೆ ಬಾಗಿಲು ತೆರೆಯುವ ಕೆಲಸ ಬೇರೆಯವರಿಂದ ಆಗಬೇಕಿತ್ತು.

ಆ ಕೆಲಸಕ್ಕೆ ಹೆಗಲು ಕೊಟ್ಟವರು ಚೌಡಯ್ಯ. 1910ರಲ್ಲಿ ತಿರುಮಕೂಡಲಿನ ಈ ಹುಡುಗ ಕೃಷ್ಣಪ್ಪನವರ ಬಳಿಗೆ ಶಿಷ್ಯನಾಗಿ ಬಂದ. ಗುರುವಿನ ಶಿಸ್ತು ಕಠಿಣವಾದದ್ದು. ವರ್ಷಗಟ್ಟಲೆ ಗುರುಕುಲವಾಸ ನಡೆಯಿತು. ಆಗ ಕಚೇರಿಗಳಲ್ಲಿ ಧ್ವನಿವರ್ಧಕಗಳಿರಲಿಲ್ಲ. ಗಾಯಕನ ಗಂಟಲು ಗಟ್ಟಿ, ಮೃದಂಗದ ನಾದ ಗಟ್ಟಿ, ನಡುವೆ ಪಿಟೀಲಿನ ದನಿ ಹಿಂದಿನ ಸಾಲಿಗೆ ತಲುಪುವ ಮೊದಲೇ ಸೋಲುತ್ತಿತ್ತು. ಚೌಡಯ್ಯ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ 1927ರಲ್ಲಿ ಏಳು ತಂತಿಯ ಪಿಟೀಲು ನುಡಿಸತೊಡಗಿದರು. ಈ ವಾದ್ಯದ ಬಗ್ಗೆ ವಿದ್ವಾಂಸರು ಪರವಾಗಿಯೂ ವಿರೋಧವಾಗಿಯೂ ಮಾತಾಡಿದ್ದಾರೆ. ನನಗೆ ಕಾಣುವುದು ಇಷ್ಟೆ: ಮುಂದಿನ ಸಾಲಿನಲ್ಲಿ ಕೂತ ರಸಿಕನಿಗೆ ನಾಲ್ಕು ತಂತಿಯೇ ಸಾಕಾಗಿತ್ತು. ಉಳಿದ ಮೂರು ತಂತಿ ಬೇಕಾಗಿದ್ದದ್ದು ಹಿಂದೆ ನಿಂತವನಿಗೆ.

1931ರಲ್ಲಿ ಗುರುಗಳು ತೀರಿಕೊಂಡ ಮೇಲೆ ಮಂದಿರದ ಹೊಣೆಯನ್ನೂ ಅಲ್ಲಿಯ ಸಂಗೀತೋತ್ಸವದ ಹೊಣೆಯನ್ನೂ ಚೌಡಯ್ಯ ಹೊತ್ತರು. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವ ಪಡೆದ ಈ ಕಲಾವಿದ ದಕ್ಷಿಣ ಭಾರತದ ದೊಡ್ಡ ದೊಡ್ಡ ಗಾಯಕರಿಗೆ ಪಕ್ಕವಾದ್ಯ ನುಡಿಸಿದವರು. ಅಂಥವರು ಕರೆದರೆ ಸಂಭಾವನೆಯ ಲೆಕ್ಕ ನೋಡದೆ ಬರುವ ಸ್ನೇಹಿತರಿರುತ್ತಾರೆ. ಉಚಿತ ಕಚೇರಿಯ ಮೊದಲ ಬಂಡವಾಳ ಅದೇ, ಕಲಾವಿದರು ಕಲಾವಿದನಿಗೆ ಕೊಡುವ ಸಲಿಗೆ. 1967ರ ಜನವರಿಯಲ್ಲಿ ಅವರು ತೀರಿಕೊಂಡರು. 1980ರಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸ್ಮಾರಕ ಭವನ ಅವರ ಹೆಸರಿನಲ್ಲಿ ತೆರೆಯಿತು. ಅಲ್ಲಿ ಎಷ್ಟೋ ಕಾರ್ಯಕ್ರಮಗಳಿಗೆ ಟಿಕೆಟ್ ಕೊಂಡೇ ಒಳಗೆ ಹೋಗಬೇಕು.

ಟಿಕೆಟ್ಟನ್ನು ನಾನು ಹಳಿಯುತ್ತಿಲ್ಲ. ಕಲಾವಿದನಿಗೂ ಸಂಸಾರವಿದೆ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಉತ್ಸವ ಬೆಳೆದು ಕೋಟೆ ಹೈಸ್ಕೂಲಿನ ಮೈದಾನಕ್ಕೆ ಬಂದಾಗ, ಚಪ್ಪರದೊಳಗಿನ ಕುರ್ಚಿಗೆ ಟಿಕೆಟ್ ಬಂತು. ಆದರೆ ಹೊರಗಿನ ರಸ್ತೆಗೆ ಯಾರೂ ಟಿಕೆಟ್ ಹಾಕಲಿಲ್ಲ. ಟಿಪ್ಪುವಿನ ಬೇಸಿಗೆ ಅರಮನೆ, ಕೆ.ಆರ್. ಮಾರ್ಕೆಟ್ಟು, ಕಲಾಸಿಪಾಳ್ಯ ಎಲ್ಲವೂ ಕೂಗಳತೆಯಲ್ಲಿರುವ ಜಾಗ ಅದು. ಫುಟ್‌ಪಾತಿನ ಮೇಲೆ ಪೇಪರು ಹಾಸಿಕೊಂಡು ಕೂತು ಕೇಳಿದವರೂ ಆ ಉತ್ಸವದ ಶ್ರೋತೃಗಳೇ. ಮೈಸೂರಿನ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 1960ರ ದಶಕದಿಂದ ಗಣೇಶೋತ್ಸವದಲ್ಲಿ ರಸ್ತೆಯನ್ನೇ ಸಭಾಂಗಣ ಮಾಡಿದರು. ಲಂಡನ್ನಿನಲ್ಲಿ 1895ರಲ್ಲಿ ಆರಂಭವಾದ 'ಪ್ರಾಮ್ಸ್' ಎಂಬ ಬೇಸಿಗೆ ಸಂಗೀತೋತ್ಸವದಲ್ಲಿಯೂ ನಿಂತು ಕೇಳುವ ಬಡವನಿಗೆ ಅಗ್ಗದ ಚೀಟಿ ಇತ್ತು. ಅಲ್ಲಿ ನಿಂತವನ ಜಾಗ ವೇದಿಕೆಯ ಎದುರಿಗೇ. ನಮ್ಮಲ್ಲಿ ನಿಂತವನ ಜಾಗ ಹಿಂದೆ.

ಕಾಸು ಕೇಳದ ಮಾತ್ರಕ್ಕೆ ಬಾಗಿಲು ಎಲ್ಲರಿಗೂ ತೆರೆದಿತ್ತೆಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ನಂಜನಗೂಡಿನ ನಾಗರತ್ನಮ್ಮನವರ ಬದುಕೇ ಇದಕ್ಕೆ ಸಾಕ್ಷಿ. ದೇವದಾಸಿ ಮನೆತನದ ಈ ಗಾಯಕಿ ತಮ್ಮ ದುಡಿಮೆಯ ಹಣದಿಂದ 1920ರ ದಶಕದಲ್ಲಿ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದರು. ಅದೇ ತ್ಯಾಗರಾಜರ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ! ಗುಡಿ ಕಟ್ಟಿದವಳಿಗೇ ಹಾಡಲು ಜಾಗವಿಲ್ಲ. ಅವರು ಅಳುತ್ತ ಕೂರಲಿಲ್ಲ, ಹೆಂಗಸರದ್ದೇ ಬೇರೆ ಆರಾಧನೆ ನಡೆಸಿದರು. 1940ರ ದಶಕದ ಆರಂಭದಲ್ಲಿ ಬಣಗಳು ಒಂದಾಗಿ ಹೆಂಗಸರೂ ಹಾಡುವಂತಾಯಿತು. ಬಾಗಿಲು ತಾನಾಗಿ ತೆರೆಯುವುದಿಲ್ಲ. ಹಣ ಹಾಕಿದವರು, ಹಟ ಹಿಡಿದವರು ತೆರೆಸುತ್ತಾರೆ.

ಇಷ್ಟು ಹೇಳಿದ ಮೇಲೆ ನಮ್ಮವರ ಮಾತನ್ನೂ ಆಡಬೇಕು. ಸಂಗೀತದ ಬಗ್ಗೆ ಮುಸ್ಲಿಮರಲ್ಲಿ ಒಮ್ಮತವಿಲ್ಲ. ವಾದ್ಯಗಳು ಸಲ್ಲವೆಂದು ಹೇಳುವ ಉಲೇಮಾಗಳಿದ್ದಾರೆ, ಅವರ ಮಾತನ್ನು ನಾನು ಲೇವಡಿ ಮಾಡಲಾರೆ. ಇಮಾಂ ಗಜಾಲಿಯವರು 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಸಮಾ ಕುರಿತು ಒಂದು ಭಾಗವನ್ನೇ ಬರೆದಿದ್ದಾರೆ. ಚಿಶ್ತಿ ಸೂಫಿಗಳು ಸಮಾವನ್ನು ಸಾಧನೆಯ ದಾರಿಯೆಂದು ಕಂಡರು. ಉರೂಸಿನ ರಾತ್ರಿ ಖವ್ವಾಲಿ ಕೇಳಲು ಬಂದವನಿಂದ ಯಾರೂ ಟಿಕೆಟ್ ಕೇಳುವುದಿಲ್ಲ, ಜಾತಿಯನ್ನೂ ಕೇಳುವುದಿಲ್ಲ. ಮೊಹರಂನಲ್ಲಿ ಸಬೀಲ್ ಇಟ್ಟು ದಾರಿಹೋಕರಿಗೆ ಶರಬತ್ತು ಕೊಡುವವರು ರಾಮನವಮಿಯ ಪಾನಕದ ಅರ್ಥವನ್ನು ಯಾರಿಂದಲೂ ಕಲಿಯಬೇಕಾಗಿಲ್ಲ. ನಂಜನಗೂಡಿನ ಸ್ವಾಮಿಯನ್ನು ಟಿಪ್ಪು 'ಹಕೀಂ ನಂಜುಂಡ' ಎಂದು ಕರೆದನೆಂಬ ಕತೆಯನ್ನು ಹೇಳಿಕೊಂಡು ಬಂದ ಸೀಮೆ ನಮ್ಮದು.

ನನ್ನ ದಾದಾ ಮೈಸೂರಿನಲ್ಲಿ ದರ್ಜಿಯಾಗಿದ್ದರು. ಹುಡುಗರಾಗಿದ್ದಾಗ ಯಾವುದೋ ಬೀದಿಯ ರಾಮನವಮಿ ಚಪ್ಪರದ ಎದುರು ನಿಂತು ಚೌಡಯ್ಯನವರನ್ನು ಕೇಳಿದ್ದರಂತೆ. ಅವರ ಬಾಯಲ್ಲಿ ಚೌಡಯ್ಯ ಎಂದರೆ 'ಸಾತ್ ತಾರ್‌ವಾಲೇ ಸಾಬ್'. ಒಳಗೆ ಹೋಗಿ ಯಾಕೆ ಕೂರಲಿಲ್ಲ ಎಂದು ಒಮ್ಮೆ ಕೇಳಿದೆ. "ಯಾರೂ ತಡೆಯಲಿಲ್ಲ ಬೇಟಾ, ಯಾರೂ ಕರೆಯಲೂ ಇಲ್ಲ. ನಿಂತಲ್ಲಿಗೇ ಕೇಳಿಸುತ್ತಿತ್ತು" ಎಂದರು.

ದಾದಾ ನಿಂತದ್ದು ಹೊರಗೆ. ಆದರೆ ಅವರ ನಂತರ ಅಬ್ಬಾ ಅದೇ ಅಂಗಡಿಯಲ್ಲಿ ಕೂತಾಗ, ರಾಮನವಮಿಗೆ ಮುಂಚೆ ಬೀದಿಯ ಹುಡುಗರು ರಸೀದಿ ಪುಸ್ತಕ ಹಿಡಿದು ಬರುತ್ತಿದ್ದರು. ಅಬ್ಬಾ ಹನ್ನೊಂದು ರೂಪಾಯಿ ಕೊಡುತ್ತಿದ್ದರು. ಉರೂಸಿನ ರಸೀದಿ ಹಿಡಿದು ನಾವು ಹೋದಾಗ ಎದುರಿನ ಅಕ್ಕಿ ಅಂಗಡಿಯ ಶೆಟ್ಟರೂ ಅಷ್ಟೇ ಕೊಡುತ್ತಿದ್ದರು. ಮೇಜಿನ ಖಾನೆಯಲ್ಲಿ ಎರಡು ಬಣ್ಣದ ರಸೀದಿಗಳು ಒಂದೇ ಸೂಜಿಗೆ ಚುಚ್ಚಿಕೊಂಡಿದ್ದದ್ದು ನನಗೆ ನೆನಪಿದೆ. ಆ ಹನ್ನೊಂದು ರೂಪಾಯಿಯಲ್ಲಿ ಪಿಟೀಲಿನ ಒಂದು ತಂತಿಯೂ ಬರುತ್ತಿರಲಿಲ್ಲವೇನೋ. ಆದರೆ ಕಚೇರಿಯ ಸಂಜೆ ಅಬ್ಬಾ ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಕೇಳುವಾಗ ಅವರು ಕದ್ದು ಕೇಳುವವರಾಗಿರಲಿಲ್ಲ.

ಆ ರಸೀದಿ ಪುಸ್ತಕ ನಮ್ಮ ಬೀದಿಗೆ ಬಂದು ಬಹಳ ವರ್ಷಗಳಾದವು. ಈಗ ಫ್ಲೆಕ್ಸಿನ ಮೇಲೆ ಪ್ರಾಯೋಜಕರ ಹೆಸರಿರುತ್ತದೆ. ಒಬ್ಬ ದೊಡ್ಡ ದಾನಿ ಸಿಕ್ಕಿದರೆ ನೂರು ಅಂಗಡಿಗಳ ಮೆಟ್ಟಿಲು ಹತ್ತುವ ಕಷ್ಟ ತಪ್ಪುತ್ತದೆ. ಕಷ್ಟದ ಜೊತೆಗೆ ಮಾತುಕತೆಯೂ ತಪ್ಪುತ್ತದೆ. ಈ ಮಾತು ಉರೂಸಿನ ಸಮಿತಿಗಳಿಗೂ ಅನ್ವಯಿಸುತ್ತದೆ, ನಾವೂ ಶೆಟ್ಟರ ಅಂಗಡಿಗೆ ಹೋಗುವುದನ್ನು ಬಿಟ್ಟಿದ್ದೇವೆ.

2022ರ ಮಾರ್ಚ್‌ನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಇಲ್ಲವೆಂಬ ಫಲಕಗಳು ಎದ್ದವು. ಅದೇ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಖರಗೋನ್‌ನಲ್ಲಿ ರಾಮನವಮಿ ಮೆರವಣಿಗೆಯ ದಿನ ಗಲಭೆಯಾಯಿತು, ಮನೆಗಳು ಸುಟ್ಟವು. ಆಮೇಲೆ ರಾಮನವಮಿ ಎಂದರೆ ಅಂಗಡಿಯ ಶಟರ್ ಎಳೆಯಬೇಕಾದ ದಿನವೇನೋ ಎಂದು ನಮ್ಮ ಮಕ್ಕಳು ಕೇಳುವಂತಾಗಿದೆ. ಮಕ್ಕಳಿಗೆ ಬಿಡಾರಂ ಕೃಷ್ಣಪ್ಪನವರ ಹೆಸರು ಗೊತ್ತಿಲ್ಲ. ಅದೇ ಹಬ್ಬದ ಸಂಜೆ ಊರಿಗೆಲ್ಲ ಸಂಗೀತ ಬಡಿಸಲು ಒಬ್ಬ ಗುರು, ಒಬ್ಬ ಶಿಷ್ಯ ತಮ್ಮ ಗಳಿಕೆಯನ್ನು ಸುರಿದರೆಂಬುದು ಗೊತ್ತಿಲ್ಲ. ಇದನ್ನು ಅವರಿಗೆ ಹೇಳಬೇಕಾದವರು ನಾವು, ಕಚೇರಿ ನಡೆಸುವವರೂ ಹೌದು.

ರಾಮನವಮಿಯ ಸಂಗೀತ ನಡೆಸುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಪ್ರಾಯೋಜಕರು ಇರಲಿ, ಬೇಡವೆನ್ನುವುದಿಲ್ಲ. ಮುಂದಿನ ಚೈತ್ರದಲ್ಲಿ ಹುಡುಗರ ಕೈಗೆ ಒಂದು ರಸೀದಿ ಪುಸ್ತಕ ಕೊಟ್ಟು ಬೀದಿಯ ಎಲ್ಲ ಅಂಗಡಿಗಳಿಗೂ ಕಳಿಸಿ. ಅಬ್ಬಾ ಈಗಲೂ ಅಂಗಡಿಯಲ್ಲಿ ಕೂರುತ್ತಾರೆ. ಬೆಲೆ ಏರಿದೆ, ಹನ್ನೊಂದರ ಜಾಗದಲ್ಲಿ ನೂರಾ ಹನ್ನೊಂದು ಕೊಟ್ಟಾರು.