ಮನೆಬಾಗಿಲಿಗೆ ಬಂದ ನರ್ಸಮ್ಮ

ಸಾಲ, ಗೊಬ್ಬರ, ಷೇರಿನ ಲೆಕ್ಕ ಈ ಸಂಚಿಕೆಯಲ್ಲಿ ಬೇಕಾದಷ್ಟಿದೆ. ಹಾಸಿಗೆ ಹಿಡಿದ ಹಿರಿಯರ ಆರೈಕೆಯ ಚರಿತ್ರೆಯೂ ಒಂದಿಷ್ಟು ದಾಖಲಾಗಲಿ ಎಂದು ಈ ಬರಹ.

ಉಪಕೇಂದ್ರದ ನರ್ಸಮ್ಮ ಎಂದರೆ ಹೆರಿಗೆ, ಚುಚ್ಚುಮದ್ದು ಅಷ್ಟೇ ಎಂದು ನಾವು ತಿಳಿದಿದ್ದೆವು. 1973ರ ಕರ್ತಾರ್ ಸಿಂಗ್ ಸಮಿತಿಯ ವರದಿಯ ನಂತರ ಆಕೆ ಎಲ್ಲ ಕಾಯಿಲೆಗೂ ಓಡಾಡುವ ಆರೋಗ್ಯ ಕಾರ್ಯಕರ್ತೆಯಾದಳು. ಬಯಲಿನಲ್ಲಿ 5000, ಗುಡ್ಡಗಾಡಿನಲ್ಲಿ 3000 ಜನಕ್ಕೆ ಒಂದು ಉಪಕೇಂದ್ರ. ಇಷ್ಟಾದರೂ ಮುದುಕರು ಆಕೆಯ ಪುಸ್ತಕದ ಕೊನೇ ಪುಟದಲ್ಲೇ ಉಳಿದರು.

ಮನೆಮನೆಗೆ ಹೋಗುವ ಪಾಠ ನಮ್ಮ ಜಿಲ್ಲೆಗೆ ಹೊಸದಲ್ಲ. 1981ರಲ್ಲಿ ಡಾ. ಎಚ್. ಸುದರ್ಶನ್ ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದರು. 1986ರಲ್ಲಿ ಹುಟ್ಟಿದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗಿಗಳನ್ನು ಹುಡುಕಿಕೊಂಡು ಹೋಯಿತು. 1996ರಲ್ಲಿ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ವಹಿಸಿಕೊಂಡಿತು. ಸೋಲಿಗರ ಹೆಣ್ಣುಮಕ್ಕಳೇ ತರಬೇತಿ ಪಡೆದು ನರ್ಸಮ್ಮಗಳಾದರು.

ಬಂಡೀಪುರದ ಆಚೆ ಕೇರಳದಲ್ಲಿ ಇನ್ನೊಂದು ಹೆಜ್ಜೆ ಮುಂದೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಮೊದಲಾದ ಉಪಶಮನ ಆರೈಕೆ 2008ರಲ್ಲಿ ಸರ್ಕಾರದ ನೀತಿಯೇ ಆಯಿತು. ಅಲ್ಲಿ ಪಂಚಾಯಿತಿಯ ನರ್ಸು ಜೀಪಿನಲ್ಲಿ ಮನೆಗೆ ಬಂದು ಬೆನ್ನುಹುಣ್ಣು ತೊಳೆದು, ಮೂತ್ರದ ಕೊಳವೆ ಬದಲಿಸಿ, ಮಗ್ಗುಲು ಹೇಗೆ ಬದಲಿಸಬೇಕೆಂದು ಸೊಸೆಗೆ ತೋರಿಸಿಕೊಟ್ಟು ಹೋಗುತ್ತಾಳೆ. ಬೇಕಾದಾಗ ಮಾತ್ರ ಡಾಕ್ಟರು. ಗುಂಡ್ಲುಪೇಟೆ ಕಡೆಯಿಂದ ಶುಂಠಿ ಕೆಲಸಕ್ಕೆ ವಯನಾಡಿಗೆ ಹೋಗುವವರಿಗೆ ಇದೇನು ದೂರದ ಮಾತಲ್ಲ.

ನಮ್ಮ ಸಹಕಾರಿಗಳಿಗೆ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ದೊಡ್ಡ ಆಸರೆ. ಮೊದಲ ವರ್ಷ ತಲೆಗೆ 60 ರೂಪಾಯಿ. 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಬಂತು. ಆಪರೇಷನ್ನಿಗೆ ದುಡ್ಡು ಸಿಕ್ಕಿತು, ಸರಿ. ಮೈಸೂರಿನಿಂದ ಮನೆಗೆ ಬಂದ ಮೇಲೆ? ಮಗ ಬೆಂಗಳೂರಲ್ಲಿ, ಸೊಸೆ ನಂಜನಗೂಡಿನ ಫ್ಯಾಕ್ಟರಿಯಲ್ಲಿ. ಬಿ.ಪಿ. ಮಾತ್ರೆ ಇಲ್ಲಿಯದು, ಸಕ್ಕರೆ ಮಾತ್ರೆ ಮೈಸೂರಿನದು, ಮಂಡಿನೋವಿಗೆ ಮೆಡಿಕಲ್ ಸ್ಟೋರಿನದು. ಒಂದೇ ಔಷಧಿ ಎರಡು ಹೆಸರಲ್ಲಿ ಹೊಟ್ಟೆ ಸೇರಿದರೂ ಕೇಳುವವರಿಲ್ಲ. "ಎಲ್ಲಾನೂ ನುಂಗ್ತೀನಿ ಕಣವ್ವ, ತಲೆ ಸುತ್ತೋದು ನಿಂತಿಲ್ಲ" ಅನ್ನುವ ಅಜ್ಜಿಯರು ಯಾವ ಬೀದಿಯಲ್ಲಿಲ್ಲ ಹೇಳಿ? ಈ ಚೀಟಿಗಳನ್ನೆಲ್ಲ ಒಟ್ಟಿಗೆ ಹರಡಿಕೊಂಡು ನೋಡಿ, ಡಾಕ್ಟರಿಗೆ ಫೋನ್ ಮಾಡುವವರು ಒಬ್ಬರು ಬೇಕು. ಆ ಕೆಲಸಕ್ಕೆ ನರ್ಸಿಗಿಂತ ತಕ್ಕವರು ನನಗಂತೂ ಕಾಣೆ.

ವೃದ್ಧರ ಆರೋಗ್ಯಕ್ಕೆಂದು ಕೇಂದ್ರದ ಕಾರ್ಯಕ್ರಮ ಬಂದದ್ದು 2010-11ರಲ್ಲಿ. 2018ರಿಂದ ಉಪಕೇಂದ್ರಗಳಿಗೆ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು ಬರತೊಡಗಿದರು. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಗೆ ಮನೆಯಲ್ಲೇ ತಪಾಸಣೆ.

ಆದರೆ ಯಾವ ಮನೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಸರ್ಕಾರಕ್ಕಿಂತ ಮೊದಲು ಸಂಘಕ್ಕೆ ಗೊತ್ತಾಗುತ್ತದೆ. ಕಂತು ಕಟ್ಟಲು ತಾತ ಬಾರದೆ ಮೊಮ್ಮಗ ಬಂದ ದಿನವೇ ಕಾರ್ಯದರ್ಶಿಗಳು ಆ ಹೆಸರು ಬರೆದು ಉಪಕೇಂದ್ರಕ್ಕೆ ಮುಟ್ಟಿಸಬಹುದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಈ ವಿಷಯ ಮಂಡಿಸಬೇಕೆಂದು ಆಡಳಿತ ಮಂಡಳಿಯವರಲ್ಲಿ ಕೋರುತ್ತೇನೆ.