ಬೀಳುವುದಕ್ಕೂ ಪಾಠ ಬೇಕು

ವಿಜಯದಶಮಿಯ ರಾತ್ರಿ ಮೈಸೂರಿನ ಬನ್ನಿಮಂಟಪದಲ್ಲಿ ನಡೆಯುವ ಪಂಜಿನ ಕವಾಯತಿನಲ್ಲಿ ಅಶ್ವಾರೋಹಿ ಪೊಲೀಸರು ನಾಗಾಲೋಟದಲ್ಲಿ ಬಂದು ಭರ್ಜಿಯಿಂದ ನೆಲದ ಗೂಟ ಕೀಳುವುದನ್ನು ಕಂಡವರಿಗೆ ಮೈ ಜುಮ್ಮೆನ್ನುತ್ತದೆ. ಆ ಸವಾರರಿಗಾದರೂ ಕೂರಲು ಜೀನು, ಕಾಲೂರಲು ರಿಕಾಪು ಇರುತ್ತವೆ. ಇವೆರಡೂ ಇಲ್ಲದೆ ಓಡುವ ಕುದುರೆಯ ಬೆನ್ನಿಗೆ ಹಾರಿ, ಅಲ್ಲೇ ಎದ್ದು ನಿಂತು, ಮತ್ತೆ ನೆಲಕ್ಕೆ ಜಿಗಿಯುವ ಕ್ರೀಡೆಯೊಂದಿದೆ. ಅದೇ ವಾಲ್ಟಿಂಗ್. ನಮ್ಮಲ್ಲಿ ಈ ಆಟ ಅಷ್ಟಾಗಿ ಬಳಕೆಯಲ್ಲಿಲ್ಲ. ಆದರೆ ಕುದುರೆ ಏರುವಾಗ ಕೈಕಾಲು ಮುರಿಯದಂತೆ ನೋಡಿಕೊಳ್ಳುವುದು ಹೇಗೆಂಬ ಚಿಂತೆ ಬಹಳ ಹಳೆಯದು.

ರೋಮನ್ನರಿಗೆ ರಿಕಾಪು ಗೊತ್ತಿರಲಿಲ್ಲ. ಸೈನಿಕ ನೆಲದಿಂದಲೇ ಕುದುರೆಗೆ ಹಾರಬೇಕಿತ್ತು. ಹೊಸಬರಿಗೆ ಮೊದಲು ಮರದ ಕುದುರೆಯ ಮೇಲೆ ಅಭ್ಯಾಸ ಮಾಡಿಸುತ್ತಿದ್ದರೆಂದು ಸುಮಾರು 1,600 ವರ್ಷಗಳ ಹಿಂದೆ ಲೇಖಕ ವೆಜಿಷಿಯಸ್ ಬರೆದಿದ್ದಾನೆ. ಚಳಿಗಾಲದಲ್ಲಿ ಸೂರಿನಡಿ, ಬೇಸಿಗೆಯಲ್ಲಿ ಬಯಲಲ್ಲಿ, ಮೊದಲು ಬರಿಗೈಯಲ್ಲಿ, ಪಳಗಿದ ಮೇಲೆ ಆಯುಧ ಹಿಡಿದು, ಎಡದಿಂದಲೂ ಬಲದಿಂದಲೂ.

1811ರಲ್ಲಿ ಬರ್ಲಿನ್ನಿನಲ್ಲಿ ಫ್ರೀಡ್ರಿಕ್ ಲುಡ್ವಿಗ್ ಯಾನ್ ತೆರೆದ ವ್ಯಾಯಾಮದ ಬಯಲಿನ ಕಾಲದಿಂದ ಈ ಮರದ ಕುದುರೆ ಜಿಮ್ನಾಸ್ಟಿಕ್ಸ್‌ನ ಸಲಕರಣೆಯಾಗಿ ಬೆಳೆಯಿತು. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು ಹಾರಿಸುತ್ತಿದ್ದ ವಾಲ್ಟಿಂಗ್ ಬಾಕ್ಸ್ ಅದರ ಬಳಗದ್ದೇ. ವಿಪರ್ಯಾಸವೆಂದರೆ, ಪೆಟ್ಟು ತಪ್ಪಿಸಲು ಹುಟ್ಟಿದ ಕುದುರೆಯೇ ಮುಂದೆ ಪೆಟ್ಟು ಕೊಡತೊಡಗಿತು. ಅಮೆರಿಕದ ಜೂಲಿಸ್ಸಾ ಗೋಮೆಜ್ 1988ರಲ್ಲಿ ಟೋಕಿಯೊದಲ್ಲಿ ಕಾಲು ಜಾರಿ ತಲೆಯನ್ನು ಅದಕ್ಕೆ ಬಡಿದುಕೊಂಡಳು. ದೇಹದ ಸ್ವಾಧೀನ ಕಳೆದುಕೊಂಡು 1991ರಲ್ಲಿ ತೀರಿಕೊಂಡಳು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕುದುರೆಯನ್ನು ಐದು ಸೆಂಟಿಮೀಟರ್ ತಗ್ಗಿಸಿಟ್ಟಿದ್ದರು. ಒಬ್ಬರ ಹಿಂದೊಬ್ಬರು ಬಿದ್ದರು. ಒಬ್ಬ ಸ್ಪರ್ಧಿ ಗಮನಿಸಿ ಹೇಳುವವರೆಗೂ ಅದು ಅಧಿಕಾರಿಗಳ ಕಣ್ಣಿಗೆ ಬೀಳಲಿಲ್ಲ! 2001ರಲ್ಲಿ ಕುದುರೆ ಹೋಗಿ, ಅಗಲವಾದ ಮೆತ್ತನೆಯ ಮೇಜು ಬಂತು.

ಜೀವಂತ ಕುದುರೆಯ ವಾಲ್ಟಿಂಗ್ ಪದಕದ ಸ್ಪರ್ಧೆಯಾಗಿ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಒಮ್ಮೆ ಮಾತ್ರ ಕಾಣಿಸಿಕೊಂಡಿತ್ತು. ಅಲ್ಲಿ ಇಂದಿಗೂ ಪಾಠ ರೋಮನ್ನರದೇ. ಕಾಲು ಕಟ್ಟಿ ನಿಲ್ಲಿಸಿದ ಪೀಪಾಯಿಯಂಥ ಕೃತಕ ಕುದುರೆಯ ಮೇಲೆ ಪಳಗಿದ ನಂತರವೇ ನಿಜವಾದ ಕುದುರೆ. ತರಬೇತುದಾರ ನಡುವೆ ನಿಂತು ಉದ್ದನೆಯ ಹಗ್ಗ ಹಿಡಿದು ಅದನ್ನು ಒಂದೇ ಗತಿಯಲ್ಲಿ ಸುತ್ತಿಸುತ್ತಾನೆ. ಗತಿ ತಪ್ಪಿದರೆ ಮೇಲಿದ್ದವರ ಆಯ ತಪ್ಪಿತೆಂದೇ ಲೆಕ್ಕ. ಜಿಗಿಯುವಾಗ ಎರಡೂ ಪಾದ ಒಟ್ಟಿಗೆ ಊರಬೇಕು, ಮಂಡಿ ಬಾಗಬೇಕು, ಕುದುರೆ ಸಾಗುವ ದಿಕ್ಕಿಗೇ ನಾಲ್ಕು ಹೆಜ್ಜೆ ಓಡಬೇಕು. ಮಂಡಿ ಸೆಟೆದು ನಿಂತರೆ ಕಣಕಾಲು ಉಳುಕುತ್ತದೆ. ಕುದುರೆಯ ಬೆನ್ನೂ ಉಳಿಯಬೇಕಲ್ಲ. ಅದಕ್ಕೆ ದಪ್ಪ ಮೆತ್ತೆ, ಸವಾರರಿಗೆ ಮೃದುವಾದ ಪಾದರಕ್ಷೆ.

ಸ್ಪರ್ಧೆಯಲ್ಲಿ ಹೆಲ್ಮೆಟ್ ಮಾತ್ರ ಇಲ್ಲ. ಒಂದೇ ಬೆನ್ನಿನ ಮೇಲೆ ಒಮ್ಮೊಮ್ಮೆ ಮೂವರಿರುತ್ತಾರೆ. ಒಬ್ಬರ ಗಟ್ಟಿ ಟೊಪ್ಪಿಗೆ ಇನ್ನೊಬ್ಬರ ಮುಖಕ್ಕೆ ಬಡಿದೀತೆಂಬುದು ಅವರ ವಾದ.