ಹೊಣೆ, ನಂಟು ಮತ್ತು ಸರಪಳಿ ವ್ಯಾಪಾರ

ಸರಕನ್ನು ಕೊಂಡವನು ತನ್ನಂತೆಯೇ ಕೊಳ್ಳತಕ್ಕವರನ್ನು ಸೇರಿಸಿ, ಅವರು ಮತ್ತೆ ಸೇರಿಸಿದವರ ಖರೀದಿಯಲ್ಲಿಯೂ ಅಂಶವನ್ನು ಪಡೆಯುವ ವ್ಯಾಪಾರಪದ್ಧತಿಗೆ ಬಹುಸ್ತರ ಮಾರಾಟವೆಂದು ಹೆಸರು. ಆಡುಮಾತಿನಲ್ಲಿ ಇದು ‘ಚೈನ್ ಲಿಂಕ್’ ಅಥವಾ ‘ನೆಟ್‌ವರ್ಕ್ ಮಾರ್ಕೆಟಿಂಗ್’; ಇಲ್ಲಿ ಇದನ್ನು ಸರಪಳಿ ವ್ಯಾಪಾರವೆಂದು ಕರೆಯಲಾಗಿದೆ. ಅಂಗಡಿಯ ನೆರವಿಲ್ಲದೆ ನಡೆಯುವ ಈ ವ್ಯಾಪಾರಕ್ಕೆ ಮನುಷ್ಯನ ಪರಿಚಯವೇ ಮೂಲಧನ. ಇದರಲ್ಲಿ ಮೊದಲು ಸೇರಿಸಲ್ಪಡುವವರು ಅಣ್ಣತಮ್ಮಂದಿರು, ಬೀಗರು, ನೆರೆಯವರು, ಒಂದೇ ಕಚೇರಿಯಲ್ಲಿ ದುಡಿಯುವವರು. ಆದುದರಿಂದ ಇದರ ವಿಚಾರವು ಅರ್ಥಶಾಸ್ತ್ರಕ್ಕೆ ಮಾತ್ರವೇ ಅಲ್ಲ, ನಂಟಿನ ಚರಿತ್ರೆಗೂ ಸೇರಿದುದು. ವಿಜಯಪುರ ಪ್ರಾಂತದಲ್ಲಿ ನಂಟಿಗೂ ಧನಕ್ಕೂ ಇದ್ದ ಸಂಬಂಧವನ್ನು ಸ್ಮೃತಿ, ವರ್ತಕಸಂಘ, ಸಹಕಾರಿ ಸಂಘ ಮತ್ತು ಗ್ರಾಮಾಚಾರಗಳ ಮೂಲಕ ಪರಾಮರ್ಶಿಸಿ, ಈ ಹೊಸ ಪದ್ಧತಿಯು ಅವುಗಳಿಂದ ಎಲ್ಲಿ ಬೇರೆಯಾಗುವುದೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಈ ವಿಷಯದಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯಗಳು ಮುಖ್ಯವಾಗಿ ಎರಡು. ಪರಿಚಯದಿಂದ ವ್ಯಾಪಾರವು ಬೆಳೆಯುವುದು ಎಲ್ಲ ಕಾಲದಲ್ಲಿಯೂ ಉಂಟು. ಬಂಡವಾಳವಿಲ್ಲದ ಗೃಹಿಣಿಯೂ ಕೆಲಸವಿಲ್ಲದ ತರುಣನೂ ಇದರಿಂದ ನಾಲ್ಕು ಕಾಸು ಸಂಪಾದಿಸಬಲ್ಲರು. ಒಳ್ಳೆಯ ಸರಕನ್ನು ಬಂಧುವಿಗೆ ತಿಳಿಸುವುದು ಬಂಧುಧರ್ಮವೇ ಆಗಿದೆ ಎಂಬುದು ಒಂದು ಪಕ್ಷ. ನಂಟಿನೊಳಗೆ ಹಣವು ಹೊಕ್ಕರೆ ನಂಟು ಉಳಿಯದು, ಸ್ನೇಹವನ್ನು ಮಾರುವುದು ಸ್ನೇಹದ್ರೋಹವೇ ಸರಿ ಎಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಸ್ವಲ್ಪ ಸತ್ಯವಿದೆ; ಎರಡೂ ಪೂರ್ತಿಯಾಗಿ ನಿಲ್ಲುವುದಿಲ್ಲ. ಏಕೆಂದರೆ, ಈ ನಾಡಿನಲ್ಲಿ ನಂಟು ಹಣದಿಂದ ದೂರವಾಗಿದ್ದ ಕಾಲವು ಕಾಣಬರುವುದಿಲ್ಲ. ಆದರೆ ತನ್ನ ಮಾತಿನ ಬಲದಿಂದ ಇನ್ನೊಬ್ಬನ ಹಣವನ್ನು ಹೂಡಿಸಿದವನು ಆ ಮಾತಿಗೆ ಹೊಣೆಯಾಗಬೇಕೆಂಬ ನಿಯಮವು ಹಿಂದಿನ ವ್ಯವಸ್ಥೆಗಳಲ್ಲಿ ಯಾವುದಾದರೊಂದು ರೂಪದಿಂದ ಇದ್ದೇ ಇತ್ತು.

ವಿಜಯಪುರದ ಸುತ್ತಣ ಸೀಮೆಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ತರ್ದವಾಡಿ ಸಾಸಿರಕ್ಕೆ ಸೇರಿತ್ತು. ಆ ವಂಶದ ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ (೧೦೭೬–೧೧೨೬) ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಅದರ ದಾಯಭಾಗವು ಲೋಕಪ್ರಸಿದ್ಧ. ಪ್ರಕೃತ ವಿಷಯಕ್ಕೆ ಬೇಕಾದುದು ಋಣಾದಾನ ಪ್ರಕರಣ. ಅಲ್ಲಿ ಮೂರು ವಿಧದ ಪ್ರತಿಭುಗಳು, ಅಂದರೆ ಹೊಣೆಗಾರರು, ಹೇಳಲ್ಪಟ್ಟಿದ್ದಾರೆ. ಋಣಿಯನ್ನು ಬೇಕಾದಾಗ ತಂದು ತೋರಿಸುವೆನೆಂದವನು ದರ್ಶನಪ್ರತಿಭು. ಈತನನ್ನು ನಂಬಬಹುದೆಂದು ಭರವಸೆ ಕೊಟ್ಟವನು ಪ್ರತ್ಯಯಪ್ರತಿಭು. ಈತನು ಕೊಡದಿದ್ದರೆ ತಾನೇ ಕೊಡುವೆನೆಂದವನು ದಾನಪ್ರತಿಭು. ಮೊದಲಿನ ಇಬ್ಬರ ಮಾತು ಸುಳ್ಳಾದರೆ ಅವರೇ ಧನವನ್ನು ತೆರಬೇಕು. ಮೂರನೆಯವನ ವಿಷಯದಲ್ಲಿಯಾದರೋ ಆತನ ಮಕ್ಕಳೂ ತೆರಬೇಕು.

ಇಲ್ಲಿ ಗಮನಿಸತಕ್ಕವನು ಎರಡನೆಯ ಪ್ರತ್ಯಯಪ್ರತಿಭು. ಈತನು ಸಾಲ ಮಾಡಿದವನಲ್ಲ, ತೀರಿಸುವೆನೆಂದವನೂ ಅಲ್ಲ. ಋಣಿಯ ಕುಲವನ್ನೂ ಭೂಮಿಯನ್ನೂ ತೋರಿಸಿ, ವಂಚಿಸುವವನಲ್ಲವೆಂದು ನಂಬಿಕೆ ಹುಟ್ಟಿಸಿದವನು ಮಾತ್ರ. ಆದರೂ ಸ್ಮೃತಿಯು ಆತನನ್ನು ಬಿಡುವುದಿಲ್ಲ. ನಂಬಿಕೆಯನ್ನು ಹುಟ್ಟಿಸುವುದೂ ಒಂದು ವ್ಯವಹಾರವೇ ಎಂಬುದು ಅದರ ನಿಶ್ಚಯ. ಇದಕ್ಕೆ ಹೊಂದಿಕೊಂಡೇ ಇನ್ನೊಂದು ನಿಯಮವಿದೆ: ಅವಿಭಕ್ತರಾದ ಅಣ್ಣತಮ್ಮಂದಿರಲ್ಲಿ, ದಂಪತಿಗಳಲ್ಲಿ, ತಂದೆಮಕ್ಕಳಲ್ಲಿ ಪರಸ್ಪರ ಹೊಣೆ, ಸಾಲ, ಸಾಕ್ಷ್ಯಗಳು ಸಲ್ಲವು. ಧನವು ಸಾಧಾರಣವಾಗಿರುವುದೇ ಇದಕ್ಕೆ ಕಾರಣವೆಂದು ಹೇಳಿದರೂ, ಫಲವು ಅಷ್ಟಕ್ಕೇ ನಿಲ್ಲಲಿಲ್ಲ. ಒಂದೇ ಒಲೆಯ ಅನ್ನ ಉಣ್ಣುವವರ ನಡುವೆ ಋಣಿ-ಧನಿಕರೆಂಬ ಭೇದವು ತಲೆಯೆತ್ತದಂತೆ ಇದು ಕಾಪಾಡಿತು.

ಕನ್ನಡ ಭಾಷೆಯೇ ಇದಕ್ಕೆ ಸಾಕ್ಷಿಯಾಗಿದೆ. ಇಂದು ಕರ್ತವ್ಯದ ಭಾರವೆಂಬ ಸಾಮಾನ್ಯಾರ್ಥದಲ್ಲಿ ಬಳಸುವ ‘ಹೊಣೆ’ ಎಂಬ ಶಬ್ದಕ್ಕೆ ಜಾಮೀನು ಎಂಬುದು ಹಳೆಯ ಅರ್ಥ. ಇನ್ನೊಬ್ಬನಿಗಾಗಿ ತೆರಲು ಒಪ್ಪಿದವನೇ ಹೊಣೆಗಾರ. ಸಾಲದ ವ್ಯವಹಾರದಿಂದ ಹುಟ್ಟಿದ ಮಾತು ನೀತಿಯ ಮಾತಾಗಿ ಹರಡಿರುವುದು ಭಾಷಾಚರಿತ್ರಕಾರರು ಲಕ್ಷ್ಯವಿಡತಕ್ಕ ಸಂಗತಿ.

ವರ್ತಕರ ಕಡೆಗೆ ತಿರುಗಿದರೆ, ಅಯ್ಯಾವೊಳೆಯ ಐನೂರ್ವರ ಸಂಘವು ಮುಂದೆ ನಿಲ್ಲುತ್ತದೆ. ಇವರ ಮೂಲಸ್ಥಾನವಾದ ಐಹೊಳೆಯು ೧೯೯೭ರವರೆಗೆ ಇದೇ ಜಿಲ್ಲೆಗೆ ಸೇರಿದ್ದು ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ದಕ್ಷಿಣದೇಶದಲ್ಲೆಲ್ಲ ಇವರ ಶಾಸನಗಳು ದೊರೆತಿವೆ. ಸುಮಾತ್ರಾ ದ್ವೀಪದ ಬರುಸ್ ಎಂಬಲ್ಲಿಯ ೧೦೮೮ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ. ದೂರದೇಶದಲ್ಲಿ ಸರಕು ಒಪ್ಪಿಸುವಾಗ ಆಧಾರವಾಗಿದ್ದುದು ಸಂಘದ ಪರಿಚಯ ಮತ್ತು ಬಣಂಜುಧರ್ಮವೆಂಬ ಕಟ್ಟಳೆ. ಸ್ಮೃತಿಯ ಸಂಭೂಯಸಮುತ್ಥಾನ ಪ್ರಕರಣವು ಕೂಡಿ ವ್ಯಾಪಾರ ಮಾಡಿದವರಿಗೆ ಲಾಭವನ್ನೂ ನಷ್ಟವನ್ನೂ ಹಾಕಿದ ಧನಕ್ಕೆ ಅಥವಾ ಮಾಡಿಕೊಂಡ ಒಪ್ಪಂದಕ್ಕೆ ಅನುಸಾರವಾಗಿ ಹಂಚುತ್ತದೆ. ಗಣದ ಒಪ್ಪಂದವನ್ನು ಮೀರಿದವನಿಗೆ ಸರ್ವಸ್ವಹರಣವೂ ದೇಶದಿಂದ ಹೊರದೂಡುವಿಕೆಯೂ ದಂಡ. ಲಾಭದಲ್ಲಿ ಪಾಲುಗಾರನಾಗಿ ನಷ್ಟದಲ್ಲಿ ಹೊರಗಿನವನಾಗುವ ಕೂಟವನ್ನು ಈ ಪ್ರಕರಣವು ತಾನಾಗಿ ಕಲ್ಪಿಸುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಪ್ರಾಂತವು ಬಹಳ ಬಳಲಿತು. ೧೮೭೬–೭೮ರ ಬರಗಾಲವು ಅಂದಿನ ಕಲಾದಗಿ ಜಿಲ್ಲೆಯನ್ನು ಹಾಳುಗೆಡವಿತು. ೧೮೮೫ರಲ್ಲಿ ಜಿಲ್ಲೆಯ ಕೇಂದ್ರವು ವಿಜಾಪುರಕ್ಕೆ ಬಂದಿತು. ರೈತನು ಸಾಹುಕಾರನ ಕೈಸೆರೆಯಾಗಿದ್ದ ಆ ಸ್ಥಿತಿಗೆ ಪ್ರತೀಕಾರವಾಗಿ ೧೯೦೪ರ ಸಹಕಾರಿ ಪತ್ತಿನ ಸಂಘಗಳ ಶಾಸನವು ಹೊರಟಿತು. ಮರುವರ್ಷವೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ವಿಜಾಪುರದಲ್ಲಿ ವಚನಸಾಹಿತ್ಯದ ಸಂಶೋಧಕರಾದ ವಕೀಲ ಫ. ಗು. ಹಳಕಟ್ಟಿಯವರು ೧೯೧೨ರಲ್ಲಿ ಶ್ರೀ ಸಿದ್ಧೇಶ್ವರ ಬ್ಯಾಂಕನ್ನು ಸ್ಥಾಪಿಸಿದರು. ವಚನಗಳ ಹಸ್ತಪ್ರತಿಗಳನ್ನು ಊರೂರು ತಿರುಗಿ ಕೂಡಿಸಿದವರೇ ಊರಿನ ಜನರ ಉಳಿತಾಯವನ್ನು ಕೂಡಿಸುವ ಕೆಲಸಕ್ಕೂ ನಿಂತುದು ಸ್ಮರಣೀಯವಾಗಿದೆ.

೧೯೦೪ರ ಶಾಸನವು ನಂಟನ್ನೇ ಅಡಿಪಾಯವಾಗಿ ಮಾಡಿಕೊಂಡಿತ್ತು. ಒಂದೇ ಊರಿನ ಅಥವಾ ಒಂದೇ ಪಂಗಡದ ಕನಿಷ್ಠ ಹತ್ತು ಜನರು ಸೇರಿದರೆ ಸಂಘವಾಗುತ್ತಿತ್ತು. ಪಟ್ಟಣದ ಸಂಘಗಳಲ್ಲಿ ಹೊಣೆಯು ಪರಿಮಿತವಾಗಿರಬಹುದಾಗಿತ್ತು. ಗ್ರಾಮಸಂಘಗಳಲ್ಲಿ ಅದು ಸಾಮಾನ್ಯವಾಗಿ ಅಪರಿಮಿತ. ಒಬ್ಬನು ಸಾಲ ತೀರಿಸದೆ ಸಂಘವು ಮುಳುಗಿದರೆ ಉಳಿದವರು ತಮ್ಮ ಆಸ್ತಿಯಿಂದ ತುಂಬಿಕೊಡಬೇಕು. ಆದಕಾರಣ ನೆರೆಯವನ ನಡತೆಯನ್ನು ಬಲ್ಲವನೇ ಅವನನ್ನು ಸೇರಿಸುವನು. ಸೇರಿಸಿದ ಬಳಿಕ ಅವನ ಏಳಿಗೆಯನ್ನು ನೋಡಿಕೊಳ್ಳುವನು. ಸೇರಿಸಿದವನಿಗೂ ಸೇರಿದವನಿಗೂ ಹಿತವು ಒಂದೇ ಆಗಿತ್ತು.

ಶಾಸನಗಳ ಹಂಗಿಲ್ಲದ ಗ್ರಾಮಾಚಾರಗಳೂ ಇದೇ ದಾರಿಯವು. ಡೋಣಿ ಹೊಳೆಯ ಎರೆಭೂಮಿಯಲ್ಲಿ ಬಿತ್ತಿಗೆ-ಕೊಯ್ಲುಗಳಿಗೆ ಮುಯ್ಯಾಳಾಗಿ ಹೋದವನಿಗೆ ಅಷ್ಟೇ ದಿನದ ದುಡಿಮೆ ತಿರುಗಿ ಬರುತ್ತದೆ. ಮದುವೆಯ ಮುಯ್ಯಿಯನ್ನು ಬರೆದಿಟ್ಟು ಅವರ ಮನೆಯ ಕಾರ್ಯದಲ್ಲಿ ಹಿಂದಿರುಗಿಸುತ್ತಾರೆ. ಹೆಣ್ಣುಮಕ್ಕಳು ಹಾಕುವ ಭಿಶಿಯೂ ಇಂಥದೇ: ಹನ್ನೆರಡು ಜನ ಹನ್ನೆರಡು ತಿಂಗಳು ಸಮನಾದ ಹಣ ಹಾಕಿ, ಪ್ರತಿಯೊಬ್ಬರೂ ಒಮ್ಮೆ ಇಡಿಗಂಟನ್ನು ಎತ್ತುತ್ತಾರೆ. ಹಾಕಿದಷ್ಟೇ ಬರುವುದು, ವರ್ಷಕ್ಕೆ ಚಕ್ರವು ಮುಗಿಯುವುದು. ಇದು ಸಾಗಲು ಹದಿಮೂರನೆಯವಳು ಬೇಕಾಗುವುದಿಲ್ಲ.

ಸರಪಳಿ ವ್ಯಾಪಾರವು ಹುಟ್ಟಿದುದು ಅಮೆರಿಕಾ ದೇಶದಲ್ಲಿ. ೧೯೪೫ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಟ್ರಿಲೈಟ್ ಎಂಬ ಪೋಷಕದ್ರವ್ಯಗಳ ಮಾರಾಟಕ್ಕೆ ಸ್ತರಸ್ತರವಾಗಿ ಅಂಶ ಹಂಚುವ ಯೋಜನೆಯು ಬಂದಿತು. ಅದನ್ನು ಮಾರುತ್ತಿದ್ದ ಇಬ್ಬರು ೧೯೫೯ರಲ್ಲಿ ಆಮ್ವೇ ಸಂಸ್ಥೆಯನ್ನು ಸ್ಥಾಪಿಸಿದರು. ೧೯೭೯ರಲ್ಲಿ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್, ಮಾರದೆ ಉಳಿದ ಸರಕನ್ನು ಹಿಂದಕ್ಕೆ ಕೊಳ್ಳುವುದೇ ಮೊದಲಾದ ನಿಯಮಗಳು ಆ ಸಂಸ್ಥೆಯಲ್ಲಿ ಇದ್ದುದರಿಂದ ಅದು ನಿಷಿದ್ಧವಾದ ಪಿರಮಿಡ್ ಯೋಜನೆಯಲ್ಲವೆಂದು ತೀರ್ಮಾನಿಸಿತು. ೧೯೯೮ರಲ್ಲಿ ಆ ಸಂಸ್ಥೆಯು ಭಾರತದಲ್ಲಿ ವ್ಯಾಪಾರವನ್ನು ಆರಂಭಿಸಿತು.

ಭಾರತದಲ್ಲಿ ಅದಕ್ಕೂ ಮೊದಲೇ, ೧೯೭೮ರಲ್ಲಿ, ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಶಾಸನವು ಬಂದಿತ್ತು. ಸದಸ್ಯರನ್ನು ಸೇರಿಸುವುದರ ಮೇಲೆ ಹಣದ ಆಶೆ ತೋರಿಸುವ ಯೋಜನೆಗಳನ್ನು ಅದು ನಿಷೇಧಿಸಿ, ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆಯನ್ನು ವಿಧಿಸಿತು. ೨೦೨೧ರ ಡಿಸೆಂಬರಿನಲ್ಲಿ ನೇರ ಮಾರಾಟದ ನಿಯಮಗಳು ಪ್ರಕಟವಾದುವು. ಇವು ಪಿರಮಿಡ್ ಯೋಜನೆಯನ್ನು ನಿಷೇಧಿಸಿ, ನಿಜವಾದ ಸರಕಿನ ಮಾರಾಟಕ್ಕೆ ಎಡೆಗೊಟ್ಟಿವೆ. ಮಾರುವವನು ಗುರುತಿನ ಚೀಟಿಯಿಲ್ಲದೆ, ಮುಂಚಿತವಾಗಿ ಒಪ್ಪಿಗೆ ಪಡೆಯದೆ ಗ್ರಾಹಕನ ಮನೆಗೆ ಹೋಗಕೂಡದೆಂಬುದು ಅವುಗಳಲ್ಲಿ ಒಂದು. ಅಪರಿಚಿತನ ವಿಷಯದಲ್ಲಿ ಇದು ಉಚಿತವೇ. ಆದರೆ ಅಳಿಯನು ಮಾವನ ಮನೆಗೆ ಗುರುತಿನ ಚೀಟಿ ತೋರಿಸಿ ಬರುವನೆ? ಸಂಘಟಿಸಿದ ಸಂಸ್ಥೆಯನ್ನು ಹಿಡಿಯಬಲ್ಲ ಶಾಸನಕ್ಕೆ ಊಟದ ಪಂಕ್ತಿಯಲ್ಲಿ ಆಡಿದ ಭರವಸೆಯ ಮಾತು ಸುಲಭವಾಗಿ ಸಿಕ್ಕುವುದಿಲ್ಲ. ೨೦೧೯ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಶಾಸನವೂ ಬಂಧುಗಳಿಂದ ವ್ಯಕ್ತಿಯು ಪಡೆದ ಸಾಲವನ್ನು ಠೇವಣಿಯೆಂದು ಎಣಿಸುವುದಿಲ್ಲ. ಬಂಧುಗಳ ನಡುವಣ ಹಣವನ್ನು ಬಂಧುತ್ವವೇ ಕಾಯುವುದೆಂಬ ಹಳೆಯ ಭಾವನೆಯು ಇಲ್ಲಿ ಇನ್ನೂ ಉಳಿದಿದೆ.

ಸೇರಿಸುವುದನ್ನೇ ನೆಚ್ಚಿದ ಯೋಜನೆಯು ಏಕೆ ನಿಲ್ಲದೆಂಬುದನ್ನು ಛಂದಶ್ಶಾಸ್ತ್ರದ ಪ್ರಸ್ತಾರವನ್ನು ಬಲ್ಲವರು ಸುಲಭವಾಗಿ ತಿಳಿಯಬಹುದು. ಪಾದಕ್ಕೆ ಒಂದು ಅಕ್ಷರ ಹೆಚ್ಚಿದಂತೆ ವೃತ್ತಗಳ ಸಂಖ್ಯೆ ಇಮ್ಮಡಿಯಾಗುವುದು. ಉತ್ಪಲಮಾಲೆ, ಮತ್ತೇಭವಿಕ್ರೀಡಿತಗಳು ಸೇರಿರುವ ಇಪ್ಪತ್ತು ಅಕ್ಷರಗಳ ಕೃತಿ ಛಂದಸ್ಸಿನಲ್ಲಿ ಸಂಭವಿಸುವ ಸಮವೃತ್ತಗಳು ೧೦,೪೮,೫೭೬. ಹಾಗೆಯೇ ಒಬ್ಬನು ಇಬ್ಬರನ್ನು, ಆ ಇಬ್ಬರಲ್ಲಿ ಪ್ರತಿಯೊಬ್ಬನೂ ಮತ್ತಿಬ್ಬರನ್ನು ಸೇರಿಸುತ್ತ ಹೋದರೆ ಇಪ್ಪತ್ತನೆಯ ಸ್ತರದಲ್ಲಿ ಅಷ್ಟೇ ಜನರಾಗುವರು. ಮೊದಲಿನಿಂದ ಎಲ್ಲರನ್ನೂ ಕೂಡಿಸಿದರೆ ೨೦,೯೭,೧೫೧. ೨೦೧೧ರ ಜನಗಣತಿಯಲ್ಲಿ ವಿಜಯಪುರ ಜಿಲ್ಲೆಯ ಜನರು, ಹಸುಳೆಗಳೂ ಸೇರಿ, ೨೧,೭೭,೩೩೧. ಇಪ್ಪತ್ತೊಂದನೆಯ ಸ್ತರಕ್ಕೆ ಜಿಲ್ಲೆಯಲ್ಲಿ ಜನರೇ ಸಾಲರು. ಆಗ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಕೆಳಗೆ ಒಬ್ಬರೂ ಇರುವುದಿಲ್ಲ.

ಆ ಕೊನೆಯ ಸ್ತರದವರು ಯಾರು? ಮೇಲಿನವರ ಬಂಧುಗಳೇ. ತಿಕೋಟಾ, ಬಬಲೇಶ್ವರಗಳಂಥ ಊರುಗಳಲ್ಲಿ ಒಂದು ಓಣಿಯವರು ಇನ್ನೊಂದು ಓಣಿಗೆ ಬೀಗರು. ಸೋದರಸಂಬಂಧಗಳು ಸುತ್ತಿ ಸುತ್ತಿ ಅದೇ ಮನೆಗಳಿಗೆ ಬರುವುವು. ಪರಿಚಿತರ ವಲಯವು ಬೇಗನೆ ಮುಗಿಯುತ್ತದೆ. ಕೊಂಡ ಸರಕು ಉಳಿದು ಹಣ ಹೋದವನು ದೂರದ ಸಂಸ್ಥೆಯನ್ನು ಕಾಣನು; ಸೇರಿಸಿದ ಷಡ್ಡಕನನ್ನು ಕಾಣುವನು. ಹಣ ಕೇಳಿದರೆ ನಂಟು ಮುರಿಯುವುದು, ಕೇಳದಿದ್ದರೆ ಮನಸ್ಸು ಮುರಿಯುವುದು. ಸೇರಿಸಿದವನೂ ತನಗೆ ತಿಳಿದಂತೆ ವಂಚಕನಲ್ಲ. ತಾನೂ ನಂಬಿಯೇ ನಂಬಿಸಿದನು. ಹೀಗೆ ಅಪರಾಧಿಯಿಲ್ಲದ ಮನಸ್ತಾಪವು ಹುಟ್ಟಿ, ಪಂಚರ ಮುಂದೆಯೂ ಇಡಲಾಗದೆ ಉಳಿಯುತ್ತದೆ.

ದಲಾಲಿ ಪಡೆಯುವುದೇ ದೋಷವೆಂದು ಇದರಿಂದ ತಿಳಿಯಬಾರದು. ಈ ತಾಲೂಕುಗಳ ರೈತರ ಒಣದ್ರಾಕ್ಷಿಯನ್ನು ಮಾರಿಕೊಡುವ ಅಡತಿ ಅಂಗಡಿಯವನೂ ದಲಾಲಿ ಪಡೆಯುತ್ತಾನೆ; ಆದರೆ ತನ್ನ ಹೆಸರಿನ ಪಟ್ಟಿಯನ್ನು ಬರೆದುಕೊಡುತ್ತಾನೆ, ಹಣ ಬಾರದಿದ್ದರೆ ರೈತನು ಅವನ ಗಾದಿಯ ಮುಂದೆ ಬಂದು ಕುಳಿತುಕೊಳ್ಳಬಹುದು. ಹಿಂದಿನ ವ್ಯವಸ್ಥೆಗಳೆಲ್ಲ ನಿರ್ದುಷ್ಟವಾಗಿದ್ದುವೆಂದೂ ಹೇಳಲಾಗದು. ದಾನಪ್ರತಿಭುವಿನ ಮಕ್ಕಳು ತಾವು ಕಾಣದ ಸಾಲವನ್ನು ತೆತ್ತು ಬಡವಾದರು. ಅಪರಿಮಿತ ಹೊಣೆಗೆ ಅಂಜಿ ಅನುಕೂಲಸ್ಥರು ಸಂಘದಿಂದ ದೂರ ನಿಲ್ಲುವುದೂ ಸಹಜವಾಗಿತ್ತು. ಆದರೆ ಆ ದೋಷಗಳು ಹೊಣೆಯ ಅತಿಶಯದಿಂದ ಬಂದುವು. ಸರಪಳಿ ವ್ಯಾಪಾರದ ದೋಷವು ಹೊಣೆಯ ಅಭಾವದಿಂದ ಬಂದುದು. ಪ್ರತ್ಯಯಪ್ರತಿಭುವಿನ ಕೆಲಸವನ್ನು ಮಾಡಿಸಿ, ಅದಕ್ಕೆ ದಂಡದ ಬದಲು ಅಂಶವನ್ನು ಕೊಡುವುದೇ ಅದರ ನವೀನತೆ.

ಆದುದರಿಂದ ಸ್ನೇಹವನ್ನು ಮಾರಬಾರದೆಂಬ ಉಪದೇಶಕ್ಕಿಂತ, ಸೇರಿಸುವವನನ್ನು ಒಂದು ಪ್ರಶ್ನೆ ಕೇಳುವುದು ಹೆಚ್ಚು ಪ್ರಯೋಜನಕರ: ಹಾಕಿದ ಹಣ ಹೋದರೆ ಅದರಲ್ಲಿ ಎಷ್ಟಕ್ಕೆ ನೀನು ಹೊಣೆ? ಇದಕ್ಕೆ ಬರೆದುಕೊಟ್ಟ ಉತ್ತರವಿದ್ದರೆ ಅದು ವ್ಯಾಪಾರ. ಬಂಧುಗಳು ಸಹ ವ್ಯಾಪಾರ ಮಾಡಬಹುದು. ಉತ್ತರವಿಲ್ಲದಿದ್ದರೆ, ಹೂಡಲ್ಪಡುತ್ತಿರುವುದು ಹಣವೊಂದೇ ಅಲ್ಲ, ಎರಡು ಮನೆಗಳು ತಲೆಮಾರುಗಳಿಂದ ಕೂಡಿಟ್ಟ ನಂಬಿಕೆಯೂ ಹೌದೆಂದು ತಿಳಿಯತಕ್ಕದ್ದು.